ವಾಸಿಯಾದ ಮೇಲೆ ಮೈಯಲ್ಲಿ ಏನು ಉಳಿಯುತ್ತದೆ

2021ರ ಆಗಸ್ಟ್ ಹೊತ್ತಿಗೆ ನಮ್ಮ ಶಿಡ್ಲಘಟ್ಟದ ಕಡೆ ಒಂದು ಹೊಸ ಪ್ರಶ್ನೆ ಚಾಲ್ತಿಗೆ ಬಂದಿತ್ತು. ಕೋವಿಡ್ಡಿನ ಎರಡನೇ ಅಲೆಯಲ್ಲಿ ಮಲಗಿ ಎದ್ದವರು ಬಸ್ ನಿಲ್ದಾಣದಲ್ಲೋ, ರೇಷ್ಮೆಗೂಡಿನ ಮಾರುಕಟ್ಟೆಯ ಬಾಗಿಲಲ್ಲೋ ಎದುರಾದರೆ, ಕ್ಷೇಮ ವಿಚಾರಿಸಿದ ಕೂಡಲೇ "ನಿಮ್ಮದು ಎಷ್ಟು ಬಂತು?" ಎಂದು ಕೇಳುತ್ತಿದ್ದರು. ಅವರು ಕೇಳುತ್ತಿದ್ದುದು ಆಂಟಿಬಾಡಿ, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ, ರಕ್ತದಲ್ಲಿ ಎಷ್ಟಿದೆ ಎಂದು ಹೇಳುವ ಪರೀಕ್ಷೆಯ ಸಂಖ್ಯೆಯನ್ನು. ಹೆಚ್ಚು ಬಂದವರ ದನಿಯಲ್ಲಿ ನಿರಾಳವಿರುತ್ತಿತ್ತು. ಕಡಿಮೆ ಬಂದವರು ಮಾತು ಬದಲಿಸುತ್ತಿದ್ದರು. ಆ ಪ್ರಶ್ನೆ ಆಗಲೇ ನನ್ನನ್ನು ಕಾಡಿತ್ತು, ಈಗಲೂ ಬಿಟ್ಟಿಲ್ಲ. ಆ ಕಾಗದದ ಮೇಲಿನ ಒಂದು ಅಂಕಿಯನ್ನು ನಂಬಿ ಕೆಲವರು ಲಸಿಕೆ ಬೇಡವೆಂದರು, ಮಾಸ್ಕ್ ತೆಗೆದಿಟ್ಟರು, ಕಿಕ್ಕಿರಿದ ಛತ್ರಗಳಲ್ಲಿ ಮದುವೆಯೂಟಕ್ಕೆ ಕುಳಿತರು. ಇನ್ನು ಕೆಲವರು ಅದೇ ಅಂಕಿಗೆ ಹೆದರಿ ತಿಂಗಳುಗಟ್ಟಲೆ ನಿದ್ದೆಗೆಟ್ಟರು. ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡುವವನಾದ್ದರಿಂದ ಎರಡೂ ಬಗೆಯವರು ಮೊಬೈಲಿನಲ್ಲಿ ರಿಪೋರ್ಟ್ ತೆರೆದುಕೊಂಡು ನನ್ನ ಬಳಿಗೆ ಬಂದಿದ್ದಾರೆ. ಅವರಿಗೆ ಆಗ ನಿಂತಲ್ಲೇ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ, ಆಮೇಲೆ ತಿಳಿದುಬಂದ ಸಂಗತಿಗಳನ್ನೂ ಸೇರಿಸಿ ಬರೆಯಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಇದನ್ನೆಲ್ಲ ತೀರ ಹತ್ತಿರದಿಂದ ಕಂಡದ್ದು ನನ್ನ ಚಿಕ್ಕಪ್ಪನ ಮನೆಯಲ್ಲಿ. ಅವರದು ನೂಲು ಬಿಚ್ಚುವ ಸಣ್ಣ ಘಟಕ. ಮನೆಯ ಹಿಂದಿನ ಶೆಡ್ಡಿನಲ್ಲೇ ಕೆಲಸ. ಆ ವರ್ಷದ ಮೇ ಆರಂಭದಲ್ಲಿ ಗಂಡ ಹೆಂಡತಿ ಇಬ್ಬರಿಗೂ ಪಾಸಿಟಿವ್ ಬಂತು. ಚಿಕ್ಕಪ್ಪನಿಗೆ ಜ್ವರ ಇಳಿಯಲೇ ಇಲ್ಲ. ಆಕ್ಸಿಮೀಟರಿನ ಅಂಕಿ ಎಂಬತ್ತರ ಆಸುಪಾಸಿಗೆ ಬಿದ್ದು, ಹಾಸಿಗೆಗಾಗಿ ಎಲ್ಲೆಲ್ಲಿಗೋ ಫೋನು ಮಾಡಿ, ಕೊನೆಗೆ ಆಕ್ಸಿಜನ್ ಇದ್ದ ವಾರ್ಡೊಂದರಲ್ಲಿ ಜಾಗ ಸಿಕ್ಕಿತು. ಚಿಕ್ಕಮ್ಮ ಮನೆಯಲ್ಲೇ ಉಳಿದರು. ಅವರಿಗೆ ಮೈಕೈ ನೋವು, ಸ್ವಲ್ಪ ಗಂಟಲು ಕೆರೆತ, ಒಗ್ಗರಣೆಯ ವಾಸನೆಯೂ ತಿಳಿಯದಂತಾದದ್ದು, ಇಷ್ಟೇ. ಇಬ್ಬರೂ ವಾಸಿಯಾದರು. ಕೇಂದ್ರ ಸರ್ಕಾರ ಅದೇ ಮೇ 19ರಂದು, ಸೋಂಕಿನಿಂದ ಗುಣವಾದವರು ಮೂರು ತಿಂಗಳು ಬಿಟ್ಟು ಲಸಿಕೆ ಪಡೆಯಬೇಕೆಂದು ಹೇಳಿತ್ತು. ಆ ಮೂರು ತಿಂಗಳು ಮುಗಿಯುವ ಹೊತ್ತಿಗೆ, ಲಸಿಕೆ ಬೇಕೋ ಬೇಡವೋ ಎಂದು ಮೊದಲು ನೋಡಿಕೊಳ್ಳೋಣವೆಂದು ಯಾರೋ ಹೇಳಿದ ಮಾತು ಕೇಳಿ, ಚಿಕ್ಕಪ್ಪ ಲ್ಯಾಬಿನ ಹುಡುಗನನ್ನು ಮನೆಗೇ ಕರೆಸಿ ಇಬ್ಬರ ರಕ್ತವನ್ನೂ ಕೊಡಿಸಿದ್ದರು.

ನಾನು ಹೋದಾಗ ಚಿಕ್ಕಪ್ಪ ಜಗಲಿಯ ಮೇಲೆ ಕುಳಿತಿದ್ದರು. ಕಾಯಿಲೆಯಿಂದ ಇಳಿದುಹೋಗಿದ್ದ ಮುಖದಲ್ಲಿ ಬಹಳ ದಿನಗಳ ಮೇಲೆ ಗೆಲುವು ಕಂಡೆ. "ನೋಡೋ, ಇನ್ನೂರ ಐವತ್ತಕ್ಕಿಂತ ಮೇಲೆ ಅಂತ ಬರ್ದವ್ರೆ. ಮಿಷನ್ನಿಗೇ ಅಳೆಯೋಕೆ ಆಗಿಲ್ಲ. ಇನ್ನು ನಂಗ್ಯಾಕೆ ಇಂಜೆಕ್ಷನ್ನು?" ಎಂದರು. ಚಿಕ್ಕಮ್ಮ ಒಳಗಿನಿಂದ ಕಾಫಿ ತಂದು ಕೆಳಗಿಟ್ಟು, ನನ್ನಿಂದ ದೂರ ಸರಿದು ಬಾಗಿಲ ಹತ್ತಿರ ನಿಂತರು. "ನಂದು ಹದಿನಾಲ್ಕೇ ಕಣಪ್ಪ. ಅಷ್ಟು ದಿನ ಅನುಭವಿಸಿದ್ರೂ ನನ್ನ ಮೈಯಲ್ಲಿ ಏನೂ ನಿಂತಿಲ್ಲ ನೋಡು" ಎಂದರು. ಆಮೇಲೆ ತಿಳಿಯಿತು, ರಿಪೋರ್ಟ್ ಬಂದಾಗಿನಿಂದ ಅವರು ತಮ್ಮ ತಟ್ಟೆ ಲೋಟ ಬೇರೆ ಮಾಡಿಕೊಂಡಿದ್ದರು, ತಂಗಿಯ ಮಗಳ ಸೀಮಂತಕ್ಕೂ ಹೋಗಿರಲಿಲ್ಲ. ಒಂದೇ ಸೂರಿನಡಿ, ಒಂದೇ ವಾರದಲ್ಲಿ, ಬಹುಶಃ ಒಬ್ಬರಿಂದೊಬ್ಬರಿಗೇ ತಗುಲಿದ್ದ ಒಂದೇ ಸೋಂಕು. ಆದರೂ ಒಬ್ಬರು ಇನ್ನು ತನಗೆ ಏನೂ ಆಗದೆಂದು ನಂಬಿದ್ದರು, ಇನ್ನೊಬ್ಬರು ಮುಂದಿನ ಸಲ ತಾನು ಉಳಿಯುವುದಿಲ್ಲವೆಂದು.

ಆ ಎರಡು ರಿಪೋರ್ಟುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾಣುತ್ತಿದ್ದುದು ಬೇರೆಯೇ. 250 ಎನ್ನುವುದು ಆ ಕಿಟ್ಟು ರಕ್ತವನ್ನು ತೆಳುಮಾಡದೆ ಅಳೆಯಬಲ್ಲ ಮೇಲಿನ ಮಿತಿ. ಅದು ದೇಹದ ಮಿತಿಯಲ್ಲ, ಸುರಕ್ಷತೆಯ ಗೆರೆಯೂ ಅಲ್ಲ. ಅದೇ ಹಾಳೆಯ ಬಲ ಅಂಚಿನಲ್ಲಿ, 0.8ಕ್ಕಿಂತ ಹೆಚ್ಚಿದ್ದರೆ ಪಾಸಿಟಿವ್ ಎಂದು ಅಚ್ಚಾಗಿತ್ತು. ಅಂದರೆ ಚಿಕ್ಕಮ್ಮನ ಹದಿನಾಲ್ಕು ಸ್ಪಷ್ಟವಾಗಿ ಪಾಸಿಟಿವ್. ಅವರ ದೇಹ ವೈರಸ್ಸನ್ನು ಕಂಡಿತ್ತು, ಗುರುತಿಸಿತ್ತು, ಉತ್ತರ ಕೊಟ್ಟಿತ್ತು. ಇಬ್ಬರ ನಡುವಿನ ವ್ಯತ್ಯಾಸಕ್ಕೆ ಮುಖ್ಯ ಕಾರಣ ತೀರ ಸರಳವಾದದ್ದು: ಕಾಯಿಲೆ ತೀವ್ರವಾದವರಲ್ಲಿ ಸಾಮಾನ್ಯವಾಗಿ ಪ್ರತಿಕಾಯಗಳ ಮಟ್ಟ ಹೆಚ್ಚಿರುತ್ತದೆ, ಲಘುವಾಗಿ ಬಂದು ಹೋದವರಲ್ಲಿ ಕಡಿಮೆ. ವೈರಸ್ಸು ಹೆಚ್ಚು ಬೆಳೆದು ಹೆಚ್ಚು ಕಾಲ ಉಳಿದಷ್ಟೂ ದೇಹ ಹೆಚ್ಚು ಪ್ರತಿಕಾಯಗಳನ್ನು ಸುರಿಸುತ್ತದೆ. ಚಿಕ್ಕಪ್ಪನ ದೊಡ್ಡ ಸಂಖ್ಯೆ ಅವರು ಮೇ ತಿಂಗಳಲ್ಲಿ ಸಾವಿಗೆ ಎಷ್ಟು ಹತ್ತಿರ ಹೋಗಿದ್ದರು ಎಂಬುದರ ದಾಖಲೆಯಾಗಿತ್ತು. ಅದನ್ನು ಅವರು ಮುಂದಿನ ದಿನಗಳ ಅಭಯಪತ್ರವೆಂದು ಓದಿಕೊಂಡರು. ಈ ಇಡೀ ವಿಷಯದಲ್ಲಿ ನನಗೆ ಹೇಳಬೇಕಾಗಿರುವುದೂ ಇದನ್ನೇ: ಪ್ರತಿಕಾಯದ ಪರೀಕ್ಷೆ ನಡೆದುಹೋದದ್ದನ್ನು ಹೇಳುತ್ತದೆ, ನಾವು ಅದನ್ನು ನಡೆಯಬೇಕಾದದ್ದರ ಬಗ್ಗೆ ಕೇಳಿದೆವು.

ರಕ್ತದಲ್ಲಿ ಕಾಣುವುದು, ಮಜ್ಜೆಯಲ್ಲಿ ಉಳಿಯುವುದು

ಸೋಂಕು ತಗುಲಿದ ಒಂದೆರಡು ವಾರಗಳಲ್ಲಿ ಬಿಳಿ ರಕ್ತಕಣಗಳ ಒಂದು ಬಗೆಯಾದ ನಮ್ಮ ಬಿ ಜೀವಕೋಶಗಳಲ್ಲಿ ಕೆಲವು, ಪ್ರತಿಕಾಯ ತಯಾರಿಸುವುದೊಂದೇ ಕಸುಬಿನ ಪ್ಲಾಸ್ಮಾ ಕೋಶಗಳಾಗಿ ಮಾರ್ಪಡುತ್ತವೆ. ಮೊದಲು ಐಜಿಎಂ, ಅದರ ಹಿಂದೆಯೇ ಐಜಿಜಿ ಎಂಬ ಬಗೆಯ ಪ್ರತಿಕಾಯಗಳು ರಕ್ತದಲ್ಲಿ ಏರತೊಡಗುತ್ತವೆ. ಈ ಮೊದಲ ತಂಡದ ಕೋಶಗಳಲ್ಲಿ ಬಹುಪಾಲು ಅಲ್ಪಾಯುಷಿಗಳು. ಕೆಲಸ ಮುಗಿದ ಮೇಲೆ ಸಾಯುತ್ತವೆ. ಅವು ಸುರಿಸಿದ ಐಜಿಜಿ ಕೂಡ ಸುಮಾರು ಮೂರು ವಾರಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಮೊದಲ ಕೆಲವು ತಿಂಗಳಲ್ಲಿ ಸಂಖ್ಯೆ ಬೀಳುವುದು ದೇಹದ ಸೋಲಲ್ಲ, ಅದು ನಡೆಯಬೇಕಾದ ರೀತಿಯೇ. ಹಿಂದೆ ಕಂಡ ಪ್ರತಿಯೊಂದು ರೋಗಾಣುವಿಗೂ ಅದೇ ಪ್ರಮಾಣದಲ್ಲಿ ಪ್ರತಿಕಾಯಗಳನ್ನು ಇಟ್ಟುಕೊಂಡಿದ್ದರೆ ನಮ್ಮ ರಕ್ತ ಹರಿಯಲಾರದಷ್ಟು ದಪ್ಪವಾಗಬೇಕಿತ್ತು.

ಆದರೆ ಇಳಿಕೆ ಸೊನ್ನೆಗೆ ಮುಟ್ಟುವುದಿಲ್ಲ. ಕೆಲವು ಪ್ಲಾಸ್ಮಾ ಕೋಶಗಳು ಮೂಳೆಯ ಮಜ್ಜೆಗೆ ಹೋಗಿ ನೆಲೆಯೂರಿ, ನಿಧಾನವಾಗಿ, ಬಿಡದೆ ಪ್ರತಿಕಾಯ ಒದಗಿಸುತ್ತಿರುತ್ತವೆ. ಕೋವಿಡ್ ಲಘುವಾಗಿ ಬಂದುಹೋದವರ ಮಜ್ಜೆಯ ಮಾದರಿ ತೆಗೆದು ನೋಡಿದ ವಿಜ್ಞಾನಿಗಳು, ಸೋಂಕಾದ ಏಳರಿಂದ ಹನ್ನೊಂದು ತಿಂಗಳ ಮೇಲೂ ಇಂಥ ಕೋಶಗಳನ್ನು ಕಂಡರು. ಅದು 'ನೇಚರ್' ಪತ್ರಿಕೆಯಲ್ಲಿ ಬಂದದ್ದು 2021ರ ಮೇ ತಿಂಗಳಲ್ಲಿ, ಇತ್ತ ನಮ್ಮ ಮನೆಯಲ್ಲಿ ಆಕ್ಸಿಜನ್ನಿಗೆ ಅಲೆಯುತ್ತಿದ್ದ ದಿನಗಳಲ್ಲಿ. ಇವಲ್ಲದೆ ನೆನಪಿನ ಬಿ ಕೋಶಗಳಿವೆ. ಅವು ಪ್ರತಿಕಾಯವನ್ನು ಸುರಿಸದೆ ಸುಮ್ಮನೆ ಸುತ್ತಾಡಿಕೊಂಡಿದ್ದು, ಅದೇ ವೈರಸ್ಸು ಮತ್ತೆ ಕಂಡರೆ ಕೆಲವೇ ದಿನಗಳಲ್ಲಿ ಹೊಸ ತಂಡ ಕಟ್ಟುತ್ತವೆ. 2021ರ ಆರಂಭದಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ವೈರಸ್ಸಿನ ಮೇಲ್ಮೈಯ ಮುಳ್ಳು ಪ್ರೋಟೀನನ್ನು ಗುರುತಿಸುವ ಈ ಕೋಶಗಳು ಒಂದು ತಿಂಗಳಿನಲ್ಲಿದ್ದುದಕ್ಕಿಂತ ಆರು ತಿಂಗಳಿನಲ್ಲಿ ಹೆಚ್ಚಿದ್ದವು. ರಕ್ತದ ಸಂಖ್ಯೆ ಬೀಳುತ್ತಿದ್ದ ಕಾಲದಲ್ಲೇ ನೆನಪು ಬಲಿಯುತ್ತಿತ್ತು. ಜೊತೆಗೆ, ಸೋಂಕು ತಗುಲಿದ ಕೋಶಗಳನ್ನು ಗುರುತಿಸಿ ನಾಶಮಾಡಲು ನೆರವಾಗುವ ಟಿ ಕೋಶಗಳು. 2003ರಲ್ಲಿ ಕೊರೋನಾ ಕುಟುಂಬದ್ದೇ ವೈರಸ್ಸಿನಿಂದ ಬರುವ ಸಾರ್ಸ್ ಬಂದು ಬದುಕುಳಿದವರಲ್ಲಿ, ಹದಿನೇಳು ವರ್ಷದ ಮೇಲೂ ಆ ವೈರಸ್ಸನ್ನು ಗುರುತಿಸುವ ಟಿ ಕೋಶಗಳು ಸಿಕ್ಕಿವೆ.

ನಮ್ಮ ಕಡೆಯವರಿಗೆ ಇದನ್ನು ಹೇಳಲು ನನಗೆ ಕೆರೆ ಮತ್ತು ಕೊಳವೆಬಾವಿಯೇ ಅನುಕೂಲವಾಯಿತು. ಮಳೆಗಾಲ ಕಳೆದು ಕೆರೆಯ ಮಟ್ಟ ಇಳಿದಾಗ ನಾವು ನೀರೆಲ್ಲ ಹೋಯಿತು ಎನ್ನುವುದಿಲ್ಲ. ಒಂದು ಪಾಲು ನೆಲದೊಳಕ್ಕೆ ಇಳಿದಿದೆ, ಸುತ್ತಲ ಬೋರ್‌ವೆಲ್‌ಗಳಲ್ಲಿ ಸಿಗುತ್ತದೆ ಎಂದು ನಮಗೆ ಗೊತ್ತು. ಲ್ಯಾಬಿನವರು ಅಳೆದು ಕೊಡುವುದು ಕೆರೆಯ ಮಟ್ಟವನ್ನು ಮಾತ್ರ. ಮಜ್ಜೆಯ ಕೋಶ, ನೆನಪಿನ ಕೋಶ, ಟಿ ಕೋಶ ಯಾವುದೂ ಆ ಪರೀಕ್ಷೆಯ ವ್ಯಾಪ್ತಿಯಲ್ಲಿಲ್ಲ. ಅವುಗಳನ್ನು ಅಳೆಯಬಹುದು, ಆದರೆ ಅದು ಸಂಶೋಧನಾಲಯದ ಕೆಲಸ.

ಅಳೆಯುವ ಕೆರೆಯಾದರೂ ಒಂದೇ ಅಲ್ಲ. ಕೆಲವು ಕಿಟ್‌ಗಳು ವೈರಸ್ಸಿನ ಮೇಲ್ಮೈಯ ಮುಳ್ಳು ಪ್ರೋಟೀನಿನ ವಿರುದ್ಧದ ಪ್ರತಿಕಾಯ ಹುಡುಕುತ್ತವೆ, ಕೆಲವು ಒಳಗಿನ ನ್ಯೂಕ್ಲಿಯೋಕ್ಯಾಪ್ಸಿಡ್ ಪ್ರೋಟೀನಿನದನ್ನು. ಕೋವಿಶೀಲ್ಡ್ ದೇಹಕ್ಕೆ ಪರಿಚಯಿಸುವುದು ಮುಳ್ಳು ಪ್ರೋಟೀನನ್ನಷ್ಟೇ. ಕೋವ್ಯಾಕ್ಸಿನ್ ನಿಷ್ಕ್ರಿಯಗೊಳಿಸಿದ ಇಡೀ ವೈರಸ್ಸು. ಆದ್ದರಿಂದ ಕೋವಿಶೀಲ್ಡ್ ಪಡೆದು ಎಂದೂ ಸೋಂಕು ತಗುಲದವರು ಎರಡನೆಯ ಬಗೆಯ ಕಿಟ್ಟಿನಲ್ಲಿ ಪರೀಕ್ಷೆ ಮಾಡಿಸಿದರೆ ನೆಗೆಟಿವ್ ಬರುತ್ತದೆ. ಹೀಗೆ ನೆಗೆಟಿವ್ ಬಂದು, ಲಸಿಕೆ ನೀರಿನಂತಿತ್ತು ಎಂದು ಊರೆಲ್ಲ ಹೇಳಿಕೊಂಡು ಬಂದವರೊಬ್ಬರನ್ನು ನಾನು ಬಲ್ಲೆ. ಅವರಿಗೆ ಮಾಡಬೇಕಾದ ಪರೀಕ್ಷೆಯೇ ಬೇರೆಯಿತ್ತು. ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದು ಲ್ಯಾಬಿನ ಅಂಕಿಗೆ ಹೋಲಿಸುವುದಂತೂ ಆಗದ ಮಾತು. ವಿಶ್ವ ಆರೋಗ್ಯ ಸಂಸ್ಥೆ 2020ರ ಡಿಸೆಂಬರಿನಲ್ಲೇ ಅಂತರರಾಷ್ಟ್ರೀಯ ಮಾನಕವೊಂದನ್ನು ಗೊತ್ತುಪಡಿಸಿತ್ತು, ಆದರೆ ನನ್ನ ಕೈಗೆ ಬಂದ ರಿಪೋರ್ಟುಗಳಲ್ಲಿ ಹೆಚ್ಚಿನವು ತಮ್ಮತಮ್ಮ ಕಿಟ್ಟಿನ ಅಳತೆಯಲ್ಲೇ ಇದ್ದವು. ಇನ್ನೂ ಒಂದು ಮಾತು: ವೈರಸ್ಸು ಬರುವುದು ಮೂಗಿನ ದಾರಿಯಿಂದ. ಅಲ್ಲಿನ ತೇವದ ಪೊರೆಯಲ್ಲಿ ಕಾವಲಿರುವುದು ಬಹುಮಟ್ಟಿಗೆ ಐಜಿಎ ಎಂಬ ಇನ್ನೊಂದು ಬಗೆಯ ಪ್ರತಿಕಾಯ. ತೋಳಿನಿಂದ ತೆಗೆದ ರಕ್ತದ ಐಜಿಜಿ ಮೂಗಿನ ಬಾಗಿಲ ಕಾವಲಿನ ಬಗ್ಗೆ ಹೆಚ್ಚೇನೂ ಹೇಳದು.

ಜನಸಮುದಾಯಕ್ಕೆ ಕೇಳಿದ ಪ್ರಶ್ನೆ

ಹಾಗಾದರೆ ಈ ಪರೀಕ್ಷೆ ಬಂದದ್ದಾದರೂ ಯಾತಕ್ಕೆ? ಮೊದಲಿಗೆ ಅದು ಬಂದದ್ದು ವ್ಯಕ್ತಿಗಳಿಗಾಗಿ ಅಲ್ಲ. 2020ರ ಮಾರ್ಚಿನಲ್ಲಿ ವಿದೇಶದಿಂದ ಹಿಂತಿರುಗಿದವರಿಂದ ನಮ್ಮ ಜಿಲ್ಲೆಯ ಗೌರಿಬಿದನೂರಿನಲ್ಲಿ ಸೋಂಕು ಕಂಡಾಗ, ಪ್ರತಿ ರೋಗಿಗೂ ಒಂದು ಸಂಖ್ಯೆ ಕೊಟ್ಟು, ಯಾರಿಂದ ಯಾರಿಗೆ ಬಂತೆಂದು ಹೆಸರು ಹಿಡಿದು ಲೆಕ್ಕವಿಡುತ್ತಿದ್ದ ಕಾಲ ಅದು. ಕೆಲವೇ ತಿಂಗಳಲ್ಲಿ ಆ ಲೆಕ್ಕ ಕೈಮೀರಿತು. ಲಕ್ಷಣಗಳೇ ಇಲ್ಲದೆ ಎಷ್ಟು ಜನರಿಗೆ ಬಂದು ಹೋಗಿದೆ ಎಂಬುದನ್ನು ತಿಳಿಯಲು ಗಂಟಲು ದ್ರವದಿಂದ ಸಾಧ್ಯವಿರಲಿಲ್ಲ, ಏಕೆಂದರೆ ವೈರಸ್ಸು ಹೊರಟುಹೋದ ಮೇಲೆ ಅಲ್ಲಿ ಗುರುತು ಉಳಿಯುವುದಿಲ್ಲ. ರಕ್ತದಲ್ಲಿ ಉಳಿಯುತ್ತದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ 2020ರ ಮೇ ತಿಂಗಳಲ್ಲಿ ಕೋವಿಡ್ ಕವಚ್ ಎಂಬ, ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆಯನ್ನು ರೂಪಿಸಿದ್ದು ಇಂಥ ಸಮೀಕ್ಷೆಗಳಿಗೆ ನೆರವಾಗಲೆಂದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಮೊದಲ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಅಂದರೆ 2020ರ ಮೇ ಜೂನ್ ಹೊತ್ತಿಗೆ, ವಯಸ್ಕರಲ್ಲಿ ಶೇ 0.73 ಮಂದಿಗೆ ಸೋಂಕು ತಗುಲಿರಬಹುದೆಂದು ಕಂಡುಬಂತು. 2021ರ ಜೂನ್ ಜುಲೈ ಹೊತ್ತಿಗೆ ನಾಲ್ಕನೆಯ ಸಮೀಕ್ಷೆಯಲ್ಲಿ, ಆರು ವರ್ಷ ಮೇಲ್ಪಟ್ಟವರಲ್ಲಿ ಶೇ 67.6 ಮಂದಿಯಲ್ಲಿ ಪ್ರತಿಕಾಯ ಸಿಕ್ಕಿತು. ನಡುವೆ ನಮ್ಮ ರಾಜ್ಯವೂ ಒಂದು ಸಮೀಕ್ಷೆ ಮಾಡಿತು. 2020ರ ಸೆಪ್ಟೆಂಬರಿನಲ್ಲಿ ಗರ್ಭಿಣಿಯರು, ಆಸ್ಪತ್ರೆಗೆ ಬಂದ ರೋಗಿಗಳ ಜೊತೆಗಾರರು, ತರಕಾರಿ ಮಾರುವವರು, ಬಸ್ ಕಂಡಕ್ಟರುಗಳು, ವಯಸ್ಸಾದವರು, ಹೀಗೆ ಬೇರೆ ಬೇರೆ ಅಪಾಯದ ಗುಂಪುಗಳಿಂದ ಮಾದರಿ ತೆಗೆದರು. ಆಗ ಆರೋಗ್ಯ ಸಚಿವರಾಗಿದ್ದ, ನಮ್ಮ ಚಿಕ್ಕಬಳ್ಳಾಪುರದವರೇ ಆದ ಡಾ. ಕೆ. ಸುಧಾಕರ್ ನವೆಂಬರಿನಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ರಾಜ್ಯದ ಶೇ 27.3 ಜನರಿಗೆ, ಅಂದರೆ ಸುಮಾರು 1.93 ಕೋಟಿ ಮಂದಿಗೆ, ಅಷ್ಟರೊಳಗೆ ಸೋಂಕು ಬಂದಿತ್ತು ಅಥವಾ ಆಗ ಇತ್ತು. ಪತ್ತೆಯಾದ ಒಂದು ಪ್ರಕರಣಕ್ಕೆ ಸುಮಾರು ನಲವತ್ತು ಸೋಂಕುಗಳು. ನನ್ನ ಸೋದರಮಾವನ ಮಗ ಕಂಡಕ್ಟರು. ಆ ಸಮೀಕ್ಷೆಯಲ್ಲಿ ಅವನ ರಕ್ತವನ್ನೂ ತೆಗೆದಿದ್ದರು. ಆ ಸಂಖ್ಯೆಯಲ್ಲಿ ತಾನೂ ಒಂದು ಪಾಲು ಎಂದು ಅವನು ಇಂದಿಗೂ ಹೆಮ್ಮೆಯಿಂದ ಹೇಳುತ್ತಾನೆ, ಅದು ಹೆಮ್ಮೆ ಪಡಬೇಕಾದ ಸಂಗತಿಯೇ.

ಆದರೆ ಸಮುದಾಯಕ್ಕೆ ಹೊಂದುವ ಪರೀಕ್ಷೆ ಒಬ್ಬ ಮನುಷ್ಯನಿಗೆ ಹೊಂದಬೇಕೆಂದಿಲ್ಲ. ಸಾವಿರ ಜನರಲ್ಲಿ ಹತ್ತು ಮಂದಿಗೆ ಮಾತ್ರ ಸೋಂಕು ಬಂದು ಹೋಗಿದೆ ಎಂದಿಟ್ಟುಕೊಳ್ಳೋಣ. ಪರೀಕ್ಷೆ ಆ ಹತ್ತನ್ನೂ ಹಿಡಿಯುತ್ತದೆ, ಆದರೆ ಸೋಂಕು ಬಾರದ ನೂರು ಜನರಲ್ಲಿ ಇಬ್ಬರನ್ನು ತಪ್ಪಾಗಿ ಪಾಸಿಟಿವ್ ಎನ್ನುತ್ತದೆ. ಉಳಿದ 990 ಜನರಲ್ಲಿ ಹೀಗೆ ತಪ್ಪಾಗಿ ಬರುವವರು ಇಪ್ಪತ್ತು. ಒಟ್ಟು ಮೂವತ್ತು ಪಾಸಿಟಿವ್‌ಗಳಲ್ಲಿ ಮೂರನೇ ಎರಡು ಭಾಗ ಸುಳ್ಳು. ಸಮೀಕ್ಷೆ ಮಾಡುವವರು ಈ ತಪ್ಪನ್ನು ಲೆಕ್ಕ ಹಾಕಿ ಕಳೆಯುತ್ತಾರೆ, ಅವರಿಗೆ ಅದು ತೊಡಕಲ್ಲ. ಆದರೆ ಆ ಇಪ್ಪತ್ತು ಜನ ತಮಗೆ ಬಂದು ಹೋಗಿದೆ, ಇನ್ನು ಭಯವಿಲ್ಲ ಎಂದು ಮನೆಯ ವೃದ್ಧರ ಪಕ್ಕದಲ್ಲಿ ಕುಳಿತರೆ ಏನು ಗತಿ? 2020ರ ಏಪ್ರಿಲ್ 24ರಂದೇ ವಿಶ್ವ ಆರೋಗ್ಯ ಸಂಸ್ಥೆ, ಪ್ರತಿಕಾಯವಿದ್ದವರಿಗೆ ವಿನಾಯಿತಿ ಪತ್ರ ಕೊಡುವ ಆಲೋಚನೆಗೆ ಆಧಾರವಿಲ್ಲವೆಂದು ಎಚ್ಚರಿಸಿದ್ದು ಇದಕ್ಕಾಗಿ.

ಸಮುದಾಯದ ಮಟ್ಟದಲ್ಲೂ ಸಂಖ್ಯೆಯನ್ನು ಭವಿಷ್ಯವೆಂದು ಓದಿದವರು ನೊಂದರು. ಬ್ರೆಜಿಲ್ಲಿನ ಮನೌಸ್ ನಗರದಲ್ಲಿ 2020ರ ಅಕ್ಟೋಬರಿನ ಹೊತ್ತಿಗೆ ಶೇ 76 ಜನರಿಗೆ ಸೋಂಕು ಬಂದು ಹೋಗಿದೆ ಎಂದು ಅಂದಾಜಾಗಿತ್ತು. 2021ರ ಜನವರಿಯಲ್ಲಿ ಅಲ್ಲಿ ಆಸ್ಪತ್ರೆಗಳು ಆಕ್ಸಿಜನ್ ಇಲ್ಲದೆ ಕುಸಿದವು. ದೆಹಲಿಯಲ್ಲಿ ಅದೇ ಜನವರಿಯ ಸಮೀಕ್ಷೆಯಲ್ಲಿ ಶೇ 56 ಜನರಲ್ಲಿ ಪ್ರತಿಕಾಯ ಸಿಕ್ಕಿ, ಇನ್ನೇನು ಸಮೂಹ ರಕ್ಷಣೆ, ಅಂದರೆ ವೈರಸ್ಸಿಗೆ ಹರಡಲು ಸಾಕಷ್ಟು ಜನ ಸಿಗದ ಸ್ಥಿತಿ, ಬಂದೇಬಿಟ್ಟಿತೆಂಬ ಮಾತು ಹಬ್ಬಿತ್ತು. ಏಪ್ರಿಲ್‌ನಲ್ಲಿ ಏನಾಯಿತೆಂಬುದು ನಮಗೆಲ್ಲ ನೆನಪಿದೆ. ಅಂದಾಜು ಹೆಚ್ಚಾಗಿದ್ದಿರಬಹುದು, ಪ್ರತಿಕಾಯ ಇಳಿದಿರಬಹುದು, ವೈರಸ್ಸು ರೂಪ ಬದಲಿಸಿತ್ತು. ಮೂರನ್ನೂ ತಜ್ಞರು ಚರ್ಚಿಸಿದ್ದಾರೆ, ಮೂರರಲ್ಲಿಯೂ ಸತ್ಯಾಂಶವಿದೆ ಎಂದೇ ನನ್ನ ತಿಳಿವಳಿಕೆ.

ಪ್ಲಾಸ್ಮಾ ಕೊಡಲು ಹೋದವನು

ಆ ಏಪ್ರಿಲ್ ಮೇ ತಿಂಗಳಲ್ಲಿ ನಮ್ಮೆಲ್ಲರ ಮೊಬೈಲಿಗೆ ಬರುತ್ತಿದ್ದ ಸಂದೇಶಗಳು ಒಂದೇ ಬಗೆಯವು: ಪ್ಲಾಸ್ಮಾ ತುರ್ತಾಗಿ ಬೇಕಾಗಿದೆ, ಇಂಥ ರಕ್ತದ ಗುಂಪು, ಗುಣವಾದವರು ಸಂಪರ್ಕಿಸಿ. ಪ್ಲಾಸ್ಮಾ ಎಂದರೆ ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವ, ಗುಣವಾದವರ ಪ್ಲಾಸ್ಮಾದಲ್ಲಿನ ಪ್ರತಿಕಾಯಗಳು ರೋಗಿಯನ್ನು ಉಳಿಸಬಹುದೆಂಬ ನಂಬಿಕೆ ಆಗ ಇತ್ತು. ಚಿಂತಾಮಣಿ ಕಡೆಯ ಹಳ್ಳಿಯೊಂದರ ನನ್ನ ಹಳೆಯ ವಿದ್ಯಾರ್ಥಿ, ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದು ಆಗ ಊರಿಗೆ ಬಂದಿದ್ದ. ಅವನಿಗೆ ಜನವರಿಯಲ್ಲಿ ಸೋಂಕು ಬಂದು ವಾಸಿಯಾಗಿತ್ತು. ಜೊತೆಗೆ ಕೆಲಸ ಮಾಡುವವನೊಬ್ಬನ ತಂದೆಗೆ ಪ್ಲಾಸ್ಮಾ ಬೇಕೆಂದು ತಿಳಿದು, ಅಪ್ಪ ಅಮ್ಮ ಬೇಡವೆಂದರೂ ಕೇಳದೆ, ಲಾಕ್‌ಡೌನ್ ನಡುವೆ ಪೊಲೀಸರಿಗೆ ಆಸ್ಪತ್ರೆಯ ಚೀಟಿ ತೋರಿಸುತ್ತಾ ಬೈಕಿನಲ್ಲಿ ಬೆಂಗಳೂರಿಗೆ ಹೋದ. ಪ್ಲಾಸ್ಮಾ ತೆಗೆಯುವ ಮೊದಲು ಪ್ರತಿಕಾಯದ ಮಟ್ಟ ನೋಡುವುದು ಕ್ರಮ. ಅವನದು ಸಾಕಾಗಲಿಲ್ಲ.

ರಾತ್ರಿ ನನಗೆ ಫೋನು ಮಾಡಿದ. "ಲೆವೆಲ್ ಕಡಿಮೆ ಇದೆ, ನಿಮ್ಮ ಪ್ಲಾಸ್ಮಾ ಬೇಡ ಅಂದ್ಬಿಟ್ರು ಸಾರ್. ಅಲ್ಲಿ ಅವ್ರ ಮಗಳು ಕಾಯ್ತಾ ಕೂತಿದ್ರು ಸಾರ್, ಅವ್ರಿಗೆ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ" ಎಂದ. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಕೆಲವು ದಿನಗಳಲ್ಲಿ ಆ ಹಿರಿಯರು ತೀರಿಕೊಂಡರು. ತನ್ನ ರಕ್ತದಲ್ಲಿ ಇರಬೇಕಾದದ್ದು ಇದ್ದಿದ್ದರೆ ಅವರು ಉಳಿಯುತ್ತಿದ್ದರು ಎಂಬ ಮಾತು ಆ ಹುಡುಗನ ಮನಸ್ಸಿನಲ್ಲಿ ಬೇರೂರಿಬಿಟ್ಟಿತು. ಮುಂದೆ ಎಷ್ಟೋ ತಿಂಗಳು ಅವನು ಅದನ್ನೇ ಹೇಳುತ್ತಿದ್ದ.

ಈ ಭಾರವನ್ನು ಅವನು ಹೊರಬೇಕಾಗಿರಲಿಲ್ಲ ಎಂದು ಎಣಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಏಕೆಂದರೆ ಅವನು ಬೈಕ್ ಹತ್ತುವುದಕ್ಕೆ ತಿಂಗಳುಗಳ ಮೊದಲೇ, 2020ರ ಅಕ್ಟೋಬರಿನಲ್ಲಿ, ಐಸಿಎಂಆರ್ ತಾನೇ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟವಾಗಿತ್ತು: ಪ್ಲಾಸ್ಮಾ ಕೊಟ್ಟದ್ದರಿಂದ ಕಾಯಿಲೆ ತೀವ್ರವಾಗುವುದು ತಪ್ಪಲಿಲ್ಲ, ಸಾವು ಕಡಿಮೆಯಾಗಲಿಲ್ಲ. ಬ್ರಿಟನ್ನಿನಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ರಿಕವರಿ ಪ್ರಯೋಗದಲ್ಲೂ, ಪ್ಲಾಸ್ಮಾ ಪಡೆದವರಲ್ಲಿ ಮತ್ತು ಪಡೆಯದವರಲ್ಲಿ 28 ದಿನಗಳೊಳಗಿನ ಸಾವು ಸಮಾನವಾಗಿ ಶೇ 24. ಕೊನೆಗೆ 2021ರ ಮೇ 17ರಂದು ನಮ್ಮ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟರು. ಆಸ್ಪತ್ರೆ ಸೇರುವ ಹೊತ್ತಿಗೆ ಬಹಳಷ್ಟು ರೋಗಿಗಳ ದೇಹ ತನ್ನದೇ ಪ್ರತಿಕಾಯಗಳನ್ನು ತಯಾರಿಸಿಕೊಂಡಿರುತ್ತದೆ. ಶ್ವಾಸಕೋಶವನ್ನು ಹಾಳುಮಾಡುತ್ತಿರುವುದು ಆಗ ವೈರಸ್ಸಿಗಿಂತ ಹೆಚ್ಚಾಗಿ ದೇಹದ ಉರಿಯೂತ. ಹೊರಗಿನಿಂದ ಹಾಕಿದ ಬಾಟಲಿ ಪ್ಲಾಸ್ಮಾ ಅಲ್ಲಿ ಮಾಡುವಂಥದ್ದು ಹೆಚ್ಚೇನೂ ಇರಲಿಲ್ಲ. ಆ ಹುಡುಗನ ಸಂಖ್ಯೆ ದೊಡ್ಡದಿದ್ದರೂ ಅವರು ಉಳಿಯುತ್ತಿದ್ದರು ಎನ್ನಲು ಆಧಾರವಿಲ್ಲ. ಇದನ್ನು ಅವನಿಗೆ ಮತ್ತೆಮತ್ತೆ ಹೇಳಿದ್ದೇನೆ. ಅವನು ಯಾರದೋ ತಂದೆಗಾಗಿ ಜೀವ ಪಣಕ್ಕಿಟ್ಟು ಹೋದವನು. ಅವನ ಮನಸ್ಸಿನ ದೊಡ್ಡತನವನ್ನು ಅಳೆಯಲು ಬಂದ ಪರೀಕ್ಷೆ ಅದಾಗಿರಲಿಲ್ಲ.

ಮತ್ತೆ ಬಂದಾಗ

ದಡಾರದ ವಿಷಯದಲ್ಲಿ ಒಂದು ಹಳೆಯ ದಾಖಲೆಯಿದೆ. 1846ರಲ್ಲಿ ಫೆರೋ ದ್ವೀಪಗಳಲ್ಲಿ ದಡಾರ ಹರಡಿ, ಅಲ್ಲಿನ ಎಂಟು ಸಾವಿರದ ಆಸುಪಾಸಿನ ಜನರಲ್ಲಿ ಸುಮಾರು ಆರು ಸಾವಿರ ಮಂದಿಗೆ ತಗುಲಿತು. ಡೆನ್ಮಾರ್ಕಿನ ಯುವ ವೈದ್ಯ ಪೀಟರ್ ಪಾನುಮ್ ಅಲ್ಲಿಗೆ ಹೋಗಿ ವಿಚಾರಿಸಿದಾಗ, 1781ರಲ್ಲಿ ಅದೇ ರೋಗ ಬಂದು ಬದುಕಿದ್ದ ಮುದುಕರಿಗೆ ಈ ಸಲ ಬಂದಿರಲಿಲ್ಲ. ಒಮ್ಮೆ ಬಂದದ್ದು ಅರವತ್ತೈದು ವರ್ಷ ಕಾಯ್ದಿತ್ತು. ನಮ್ಮ ಅಜ್ಜಿಯರು ಅಮ್ಮ ಒಮ್ಮೆ ಆಡಿ ಹೋದರೆ ಮತ್ತೆ ಬರುವುದಿಲ್ಲ ಎನ್ನುತ್ತಿದ್ದುದೂ ಇಂಥದೇ ಅನುಭವದಿಂದ. ಕೋವಿಡ್ ಬಗ್ಗೆಯೂ ಜನ ಹಾಗೆಯೇ ನಿರೀಕ್ಷಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಕೊರೋನಾ ಕುಟುಂಬದ ನಡತೆ ಬೇರೆ. ನೆಗಡಿ ತರುವ ಅದರ ನಾಲ್ಕು ಹಳೆಯ ಬಗೆಗಳು ಒಬ್ಬರಿಗೇ ವರ್ಷ ತುಂಬುವುದರೊಳಗೆ ಮತ್ತೆ ಬರಬಲ್ಲವು.

2020ರ ಆಗಸ್ಟಿನಲ್ಲಿ ಹಾಂಗ್‌ಕಾಂಗಿನಲ್ಲಿ ಮರುಸೋಂಕಿನ ಮೊದಲ ಖಚಿತ ಪ್ರಕರಣ ವರದಿಯಾಯಿತು. ಮೊದಲ ಸೋಂಕಿನಿಂದ 142 ದಿನಗಳ ಅಂತರ. ಎರಡನೆಯ ಸಲ ಆ ವ್ಯಕ್ತಿಗೆ ಯಾವ ಲಕ್ಷಣವೂ ಇರಲಿಲ್ಲ, ವಿಮಾನ ನಿಲ್ದಾಣದ ತಪಾಸಣೆಯಲ್ಲಷ್ಟೇ ಸಿಕ್ಕಿದ್ದು. ಪತ್ರಿಕೆಗಳಲ್ಲಿ ಅದು ಭಯದ ಸುದ್ದಿಯಾಗಿ ಬಂತು, ನನಗೆ ಅದರಲ್ಲಿ ಸಮಾಧಾನದ ಅಂಶವೇ ಹೆಚ್ಚು ಕಂಡಿತ್ತು: ಸೋಂಕು ತಡೆಯುವುದು ಒಂದು, ಕಾಯಿಲೆ ತೀವ್ರವಾಗದಂತೆ ಕಾಯುವುದು ಇನ್ನೊಂದು. ಕತಾರಿನಲ್ಲಿ ನಡೆದ ಅಧ್ಯಯನ ಈ ವ್ಯತ್ಯಾಸಕ್ಕೆ ಅಂಕಿ ಕೊಟ್ಟಿತು. ಹಿಂದೆ ಸೋಂಕಾಗಿದ್ದುದು ಡೆಲ್ಟಾದ ಮರುಸೋಂಕನ್ನು ಶೇ 92ರಷ್ಟು ತಡೆದರೆ, ಒಮಿಕ್ರಾನನ್ನು ತಡೆದದ್ದು ಶೇ 56ರಷ್ಟು ಮಾತ್ರ. ಆದರೆ ಒಮಿಕ್ರಾನಿನಿಂದ ತೀವ್ರ ಕಾಯಿಲೆಯಾಗುವುದನ್ನು ಶೇ 88ರಷ್ಟು ತಡೆಯಿತು. ಬಾಗಿಲಲ್ಲಿ ತಡೆಯುವ ಪ್ರತಿಕಾಯಗಳಿಂದ ಹೊಸ ರೂಪ ತಪ್ಪಿಸಿಕೊಂಡಿತು. ಒಳಗಿನ ನೆನಪು, ಮುಖ್ಯವಾಗಿ ಟಿ ಕೋಶಗಳು, ಬಹುಮಟ್ಟಿಗೆ ಅದನ್ನು ಗುರುತಿಸಿದವು.

ಸೋಂಕಿನಿಂದ ಗುಣವಾದವರಿಗೆ ಲಸಿಕೆಯ ಉಪಯೋಗವೂ ಇಲ್ಲೇ. ಅಮೆರಿಕದ ಕೆಂಟಕಿ ರಾಜ್ಯದಲ್ಲಿ, ಹಿಂದೆ ಸೋಂಕಾಗಿದ್ದೂ ಲಸಿಕೆ ಪಡೆಯದವರಲ್ಲಿ ಮರುಸೋಂಕಿನ ಸಾಧ್ಯತೆ, ಲಸಿಕೆಯನ್ನೂ ಪೂರ್ತಿ ಪಡೆದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು ಎಂಬ ವರದಿ 2021ರ ಆಗಸ್ಟಿನಲ್ಲೇ ಬಂದಿತ್ತು. ಅದನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಚಿಕ್ಕಮ್ಮ ಆ ವಾರವೇ ಹೋಗಿ ಮೊದಲ ಡೋಸು ಹಾಕಿಸಿಕೊಂಡರು, ಅವಧಿ ತುಂಬಿದ ಮೇಲೆ ಎರಡನೆಯದನ್ನೂ. ಚಿಕ್ಕಪ್ಪ, ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಡಿಸೆಂಬರ್ 2ರಂದು ನಮ್ಮ ರಾಜ್ಯದಲ್ಲೇ ಪ್ರಕಟವಾದ ಮೇಲೆ, ಮಗಳು ಅತ್ತು ಕೇಳಿಕೊಂಡಿದ್ದರಿಂದ ಹೊರಟರು. ಜನವರಿಯಲ್ಲಿ ಇಬ್ಬರಿಗೂ ಮತ್ತೆ ಬಂತು. ಚಿಕ್ಕಪ್ಪನಿಗೆ ಜ್ವರ, ಒಣ ಕೆಮ್ಮು, ಎದೆಯ ಹಳೆಯ ಭಯ. ಚಿಕ್ಕಮ್ಮನಿಗೆ ಗಂಟಲು ನೋವಷ್ಟೇ. ಯಾರನ್ನೂ ಆಸ್ಪತ್ರೆಗೆ ಸೇರಿಸಬೇಕಾಗಲಿಲ್ಲ. ಒಂದು ಮನೆಯ ಅನುಭವದಿಂದ ನಿಯಮ ಹುಟ್ಟುವುದಿಲ್ಲ, ವಯಸ್ಸು, ಸಕ್ಕರೆ ಕಾಯಿಲೆ, ಡೋಸಿನ ಅಂತರ ಎಲ್ಲವೂ ಅಲ್ಲಿ ಸೇರಿಕೊಂಡಿವೆ. ಆದರೂ ಹದಿನಾಲ್ಕು ಬಂದವರು ಉಳಿಯುವುದಿಲ್ಲವೆಂದೇನೂ ಆಗಲಿಲ್ಲ, ಅಳೆಯಲಾಗದಷ್ಟು ಬಂದವರಿಗೆ ಬಾರದೆಯೂ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಈ ಪರೀಕ್ಷೆಯೇ ಬೇಡವೆಂಬ ಅರ್ಥ ಬರಬಾರದು. ನಡೆದುಹೋದದ್ದನ್ನು ತಿಳಿಯಲೇಬೇಕಾದ ಸಂದರ್ಭದಲ್ಲಿ ಅದರಂಥ ನೆರವು ಬೇರೆ ಇಲ್ಲ. 2021ರ ಜುಲೈನಲ್ಲಿ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಮಗಳಿಗೆ ಬಿಡದ ಜ್ವರ, ಹೊಟ್ಟೆನೋವು, ಕೆಂಪಾದ ಕಣ್ಣು, ಮೈಮೇಲೆ ದದ್ದು. ಗಂಟಲು ದ್ರವದ ಪರೀಕ್ಷೆ ನೆಗೆಟಿವ್. ಟೈಫಾಯ್ಡ್ ಇರಬಹುದೆಂದು ಒಬ್ಬರು, ಡೆಂಗಿ ಇರಬಹುದೆಂದು ಇನ್ನೊಬ್ಬರು. ಬೆಂಗಳೂರಿನ ಮಕ್ಕಳ ವೈದ್ಯರು ಮೊದಲು ಕೇಳಿದ್ದು, ತಿಂಗಳ ಹಿಂದೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತೇ ಎಂದು. ಬಂದಿತ್ತು, ಅಜ್ಜಿಗೆ, ಮಗುವಿಗೆ ಆಗ ಏನೂ ಆಗಿರಲಿಲ್ಲ. ಪ್ರತಿಕಾಯದ ಪರೀಕ್ಷೆ ಪಾಸಿಟಿವ್ ಬಂತು. ಸೋಂಕು ಬಂದು ಹೋದ ಎರಡರಿಂದ ಆರು ವಾರಗಳಲ್ಲಿ ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಕಾಣುವ, ಹೃದಯ ಸೇರಿದಂತೆ ಹಲವು ಅಂಗಗಳ ಉರಿಯೂತ ಅದು. ಅಂದು ರಾತ್ರಿಯೇ ಇಮ್ಯುನೊಗ್ಲಾಬ್ಯುಲಿನ್ ಮತ್ತು ಸ್ಟೆರಾಯ್ಡ್ ಶುರುಮಾಡಿದರು. ಎರಡು ದಿನದಲ್ಲಿ ಜ್ವರ ಇಳಿಯಿತು. ಕೆಲವು ವಾರಗಳ ನಂತರದ ಎಕೋ ಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ಸಹಜವಾಗಿವೆ ಎಂದು ಕಂಡ ಮೇಲೆ ಆಸ್ಪಿರಿನ್ ಮಾತ್ರೆಯನ್ನೂ ನಿಲ್ಲಿಸಿದರು.